ಹಾಯಾಗಿರುವುದಕ್ಕೊಂದು ದೇಶ

ಜೀವನಶೈಲಿ ಪದಗಳ ರಫ್ತು ಇಲಾಖೆಯು ‘ಹಾಯಾಗಿರುವುದು’ ಎಂಬ ಪದವನ್ನು ಎಸ್ಪೆರಾಂಟೊ ಭಾಷೆಗೆ ಅನುವಾದಿಸತಕ್ಕದ್ದೆಂದು ಸೋಮವಾರ ತೀರ್ಮಾನಿಸಿತು. ಹೊರದೇಶದವರು ನೆಮ್ಮದಿಗೆ ತಮ್ಮಲ್ಲಿರುವ ಒಂದೊಂದು ಪದವನ್ನು ಮೇಣದಬತ್ತಿ, ಕಾಲುಚೀಲಗಳ ಜೊತೆ ಲೋಕಕ್ಕೆಲ್ಲ ಮಾರುತ್ತಿರುವಾಗ ನಾವೇನು ಕೈಕಟ್ಟಿ ಕೂರುವುದೇ ಎಂಬುದು ನಿರ್ದೇಶಕರ ವಾದ. ಎಸ್ಪೆರಾಂಟೊವೇ ಏಕೆಂದರೆ, ಅದು ಯಾವ ದೇಶದ್ದೂ ಆಗದೆ ಎಲ್ಲರಿಗೂ ಸೇರಲೆಂದು ಕಟ್ಟಿದ ಭಾಷೆ. ಒಂದೇ ಏಟಿಗೆ ಇಡೀ ಜಗತ್ತು ಗಿರಾಕಿ. ಪದವನ್ನು ಅಚ್ಚು ಹಾಕಬೇಕಾದ ದಿಂಬುಗಳನ್ನು ನಿರ್ದೇಶಕರ ಭಾವಮೈದುನ ಆಗಲೇ ತಂದು ಉಗ್ರಾಣಕ್ಕೆ ತುಂಬಿದ್ದ. ಕೂಸು ಹುಟ್ಟುವ ಮುನ್ನವೇ ಕುಲಾವಿಯೇ ಎಂದು ಯಾರೂ ಕೇಳಲಿಲ್ಲ. ಕುಲಾವಿಯ ಬಿಲ್ ಪಾಸಾಗಿತ್ತು.

ಅನುವಾದಕಿ ಆ ಪದವನ್ನು ಚಹಾ ಆರುವಷ್ಟರಲ್ಲಿ ಅನುವಾದಿಸಿದಳು. ವರ್ಷಗಳ ಮೇಲೆ ಅವಳ ಅಕ್ಕ ಮನೆಗೆ ಬಂದಿದ್ದಳು, ಶನಿವಾರ ಹೊರಡುವವಳು. ಕೆಲಸ ಮುಗಿದರೆ ರಜೆ ಎಂದು ನಿರ್ದೇಶಕರು ಮಾತು ಕೊಟ್ಟಿದ್ದರು. “ನಾನು ಬಂದಿದ್ದು ನಿನ್ನ ಮನೆ ಗೋಡೆ ಜೊತೆ ಮಾತಾಡೋಕೇನೇ?” ಎಂದು ಅಕ್ಕ ಬೆಳಿಗ್ಗೆ ಕೇಳಿದ್ದು ಅವಳ ಎದೆಯಲ್ಲಿ ಇನ್ನೂ ಚುಚ್ಚುತ್ತಿತ್ತು.

“‘ಸೆನ್‌ಜೋರ್ಗೆ’ ಸರ್. ಚಿಂತೆಯಿಲ್ಲದೆ ಅಂತ. ನಾನಿನ್ನು ಹೊರಡ್ಲಾ?”

“ಹಾಗೆಲ್ಲ ಹೊರಡೋಕಾಗುತ್ತೇನಮ್ಮಾ?” ಎಂದರು ನಿರ್ದೇಶಕರು. “ನಿಯಮ ಇದೆ. ಅನುವಾದವನ್ನು ಆಯಾ ಭಾಷೆಯ ದೇಶದ ಸರ್ಕಾರ ದೃಢೀಕರಿಸತಕ್ಕದ್ದು.”

“ಎಸ್ಪೆರಾಂಟೊಗೆ ದೇಶಾನೇ ಇಲ್ವಲ್ಲ ಸರ್.”

“ಇಲ್ದಿದ್ರೆ ಮಾಡಿದ್ರಾಯ್ತು.”

ಮಾರನೆಯ ದಿನ ಸುತ್ತೋಲೆ ಹೊರಟಿತು: ‘ಎರಡನೇ ಮಹಡಿಯ ಉಗ್ರಾಣವನ್ನು ಈ ಕ್ಷಣದಿಂದ ಎಸ್ಪೆರಾಂಟೊ ದೇಶವೆಂದು ಪರಿಗಣಿಸತಕ್ಕದ್ದು. ಪ್ರವೇಶಕ್ಕೆ ವೀಸಾ ಕಡ್ಡಾಯ. ಪೊರಕೆ ಬೇಕಾದವರು ವಿದೇಶಾಂಗ ಶಾಖೆಯ ಮೂಲಕ ಅರ್ಜಿ ಸಲ್ಲಿಸುವುದು.’ ಬೀಗದ ಕೈ ಉಗ್ರಾಣದ ಗುಮಾಸ್ತನ ಬಳಿ ಇದ್ದುದರಿಂದ ಸರ್ಕಾರವೂ ಅವನದೇ ಆಯಿತು. ಅವನು ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿ, ಕಡತ ತೆರೆದು, ತನ್ನ ರಾಷ್ಟ್ರಭಾಷೆ ತನಗೆ ಬಾರದೆಂದು ಷರಾ ಬರೆದ. ಕಲಿಸಲು ಅನುವಾದಕಿಯನ್ನು ವಿದೇಶಕ್ಕೆ ನಿಯೋಜಿಸಲಾಯಿತು.

ಅವಳಿಗೆ ಅಳುವೇ ಬಂತು. ರಜೆ ಕೇಳಿದರೆ ದೇಶಾಂತರ ಸಿಕ್ಕಿತಲ್ಲ ಎಂದುಕೊಳ್ಳುತ್ತ ಆದೇಶವನ್ನು ಕೊನೆಯವರೆಗೆ ಓದಿದಳು. ವಿದೇಶಕ್ಕೆ ಹೋಗುವವರು ರಕ್ತಸಂಬಂಧಿ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು ಎಂದಿತ್ತು. ಕಣ್ಣೊರೆಸಿಕೊಂಡು ಮನೆಗೆ ಓಡಿದಳು.

ಅಕ್ಕ ಹೊಸ್ತಿಲಲ್ಲಿ ವೀಸಾ ತೋರಿಸಿ, ಒಳಗೆ ಬಂದು ದಿಂಬಿನ ರಾಶಿಗೆ ಒರಗಿದಳು. ಪಾಠ ಶುರುವಾಯಿತು. ಅಂದರೆ, ಚಿಕ್ಕಂದಿನಲ್ಲಿ ಒಬ್ಬರ ಜಡೆ ಒಬ್ಬರು ಎಳೆದದ್ದು, ಅಪ್ಪನ ಗೊರಕೆ ತಾಳಲಾರದೆ ಬೆಕ್ಕು ಮನೆ ಬಿಟ್ಟದ್ದು ಇತ್ಯಾದಿ. ಪ್ರಧಾನಿ ನಡುನಡುವೆ ಎಸ್ಪೆರಾಂಟೊದಲ್ಲಿ ನಕ್ಕ.

ಗುರುವಾರ ನಿರ್ದೇಶಕರು ಬಾಗಿಲಿಗೆ ಬಂದರು. “ಏನಪ್ಪಾ, ದೃಢೀಕರಣ ಎಲ್ಲಿಗೆ ಬಂತು? ಭಾವಮೈದುನ ನನ್ನ ತಲೆ ತಿಂತಿದಾನೆ.”

“ಹೊಸ್ತಿಲು ದಾಟ್ಬೇಡಿ ಸರ್, ನಿಮಗೆ ವೀಸಾ ಇಲ್ಲ,” ಎಂದ ಪ್ರಧಾನಿ, ಮಲಗಿದ್ದಲ್ಲಿಂದಲೇ. “ಚಿಂತೆಯಿಲ್ಲದೆ ಅನ್ನೋದು ನಮ್ಮ ದೇಶಕ್ಕೆ ಒಗ್ಗುತ್ತಾ ಅಂತ ಪ್ರಯೋಗ ನಡೀತಿದೆ. ಅವಸರಪಡಿಸಿದ್ರೆ ಕೆಟ್ಟುಹೋಗುತ್ತೆ.”

ನಿರ್ದೇಶಕರು ಒಳಗೆ ಇಣುಕಿ ನೋಡಿದರು. ಬಹಳ ಹೊತ್ತು ನೋಡಿದರು. ನಿಯಮ ಬಲ್ಲವರಾದ್ದರಿಂದ ಕೆಳಗಿಳಿದು ವೀಸಾದ ಸಾಲಿನಲ್ಲಿ ನಿಂತರು. ಲೆಕ್ಕಪತ್ರ ಶಾಖೆ ಪೂರ್ತಿ ಅವರಿಗಿಂತ ಮುಂದಿತ್ತು. ಶುಕ್ರವಾರದ ಹೊತ್ತಿಗೆ ಇಲಾಖೆಯೆಲ್ಲ ಪರದೇಶ ಸೇರಿತ್ತು, ಭಾವಮೈದುನನೂ ಸಹ. ‘ರಫ್ತು ನಿರೀಕ್ಷೆ ಮೀರಿ ಯಶಸ್ವಿಯಾಗಿದೆ’ ಎಂದು ವಾರದ ವರದಿಯಲ್ಲಿ ದಾಖಲಾಯಿತು.

ಶನಿವಾರ ಅಕ್ಕ ಚೀಲ ಹೆಗಲಿಗೇರಿಸಿದಳು. ಅನುವಾದಕಿ ಚೀಲದ ಪಟ್ಟಿಯನ್ನು ಹಿಡಿದುಕೊಂಡಳು, ಬಿಡಲಿಲ್ಲ. ಆಗ ಪ್ರಧಾನಿ ಎದ್ದು ನಿಂತು, ದೇಶ ಬಿಡಲು ನಿರ್ಗಮನ ಪರವಾನಗಿ ಬೇಕೆಂದೂ, ಅದಕ್ಕೆ ಎಲ್ಲ ಶಾಖೆಗಳ ಸಹಿ ಆಗಬೇಕೆಂದೂ, ಶಾಖೆಗಳು ಸದ್ಯ ನಿದ್ರಿಸುತ್ತಿವೆಯೆಂದೂ ವಿಷಾದಪೂರ್ವಕವಾಗಿ ತಿಳಿಸಿದ.

“ಎಷ್ಟು ದಿನ ಆಗ್ಬಹುದು?” ಎಂದಳು ಅಕ್ಕ.

“ಹೇಳೋಕಾಗಲ್ಲಮ್ಮ. ಪರಿಶೀಲನೆಯಲ್ಲಿದೆ.”

ಅಕ್ಕ ಚೀಲ ಕೆಳಗಿಟ್ಟು, ತಂಗಿಯ ಪಕ್ಕದಲ್ಲಿ ಕಾಲು ಚಾಚಿ ಕೂತಳು.

“ನಿಧಾನವಾಗಿ ಪರಿಶೀಲಿಸ್ಲಿ, ಪಾಪ.”