ಕುತ್ತಿಗೆ ನೆಟ್ಟಗಾದದ್ದು

ತನ್ನ ಕುತ್ತಿಗೆ ಹೇಗಿದೆ ಎಂಬುದನ್ನು ಯಾರೂ ತಾವೇ ನೋಡಿಕೊಳ್ಳಲಾರರು. ಅದನ್ನು ಊರಿನವರೇ ಹೇಳಬೇಕು. ನನ್ನ ವಿಷಯದಲ್ಲಿ ದಾವಣಗೆರೆಯವರು ಹೇಳುತ್ತಿದ್ದದ್ದು ಒಂದೇ ಮಾತು: ಬಹಳ ವಿನಯವಂತ, ತಲೆ ಎತ್ತಿ ನಡೆದವನಲ್ಲ. ಕೇಳಲು ಹಿತವಾಗಿದ್ದರಿಂದ ನಾನು ಅಲ್ಲಗಳೆಯಲಿಲ್ಲ. ನಿಜವೆಂದರೆ ನಾನು ಮಿಲ್ಲಿನಲ್ಲಿ ಬಟ್ಟೆ ನೋಡುವವನು. ಮೇಜಿನ ಮೇಲೆ ಸರಿಯುವ ಥಾನುಗಳಲ್ಲಿ ಎಲ್ಲಿ ಎಳೆ ತಪ್ಪಿದೆ ಎಂದು ದಿನಕ್ಕೆ ಎಂಟು ಗಂಟೆ ಬಗ್ಗಿ, ಬೆರಳಾಡಿಸಿ ಹುಡುಕುವುದು ನನ್ನ ಕೆಲಸ. ಹನ್ನೆರಡು ವರ್ಷ ಹೀಗೆ ಬಗ್ಗಿದ ಕುತ್ತಿಗೆ ಮನೆಗೆ ಬಂದ ಮೇಲೂ ಬಗ್ಗಿಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದೆ. ಬಲಗೈ ಬೆರಳುಗಳು ಅದನ್ನು ಹಿಡಿದದ್ದು ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಲೋಟ ಬಿತ್ತು. ನಾನು ನಿಜಕ್ಕೂ ಹೆದರಿದೆ. ಬೆರಳಿಗೆ ಎಳೆ ತಿಳಿಯದಿದ್ದರೆ ಮಿಲ್ಲಿನಲ್ಲಿ ನನಗೇನು ಕೆಲಸ? ಡಾಕ್ಟರು ಕುತ್ತಿಗೆ ಒತ್ತಿ ನೋಡಿ, ಬಗ್ಗಿ ಬಗ್ಗಿ ಕೈಯ ನರ ಇಲ್ಲಿ ಒತ್ತಿಕೊಂಡಿದೆ, ಕುತ್ತಿಗೆಗೆ ವ್ಯಾಯಾಮ ಮಾಡಿ ಎಂದರು. ಅದನ್ನು ತೋರಿಸಿಕೊಟ್ಟವರು ನಮ್ಮ ಓಣಿಯ ಗರಡಿಮನೆಯ ವಸ್ತಾದರು. ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಹಿಮ್ಮಡಿ ತಗುಲಿತು, ಬೆನ್ನು ತಗುಲಿತು, ತಲೆ ಮಾತ್ರ ನಾಲ್ಕು ಬೆರಳು ಮುಂದೆ ನಿಂತಿತು.

“ಗದ್ದ ಹಿಂದಕ್ಕ ತಗೋರಿ. ಮ್ಯಾಲಕ್ಕ ಅಲ್ಲ, ಹಿಂದಕ್ಕ. ಹತ್ತು ಎಣಿಸಿ ಬಿಡ್ರಿ,” ಎಂದರು. “ನಿಮಗ ಕುಸ್ತಿ ಬ್ಯಾಡ, ಇಷ್ಟ ಸಾಕು.”

ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಮಾಡಿದೆ. ಎರಡು ತಿಂಗಳಿಗೆ ತಲೆ ಗೋಡೆ ಮುಟ್ಟಿತು, ಬೆರಳಿಗೆ ಎಳೆ ತಿಳಿಯಿತು. ಆ ನೆಮ್ಮದಿಯಲ್ಲೇ ಹೆಂಡತಿ ಗಿರಿಜೆಯ ಜೊತೆ ಹರಿಹರಕ್ಕೆ, ಅವಳ ಅಣ್ಣನ ಮಗುವಿನ ನಾಮಕರಣಕ್ಕೆ ಹೋದೆ.

ನಾನು ಒಳಗೆ ಕಾಲಿಡುತ್ತಲೇ ಮಾತು ನಿಂತಿತು. ಗಿರಿಜೆ ತೊಟ್ಟಿಲ ಕಡೆ ಹೋದಳು, ಅತ್ತೆ ನನ್ನನ್ನು ಒಮ್ಮೆ ನೋಡಿ ಅಡುಗೆಮನೆಗೆ ಸರಿದರು. ಊಟಕ್ಕೆ ಕೂತರೆ ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಹೋಳಿಗೆ, ಸಾಕೆಂದರೆ ಇನ್ನೊಂದು. ಊಟವಾದ ಮೇಲೆ ಮಾವ ಪಡಸಾಲೆಯ ಮೂಲೆಗೆ ಕರೆದರು.

“ಅಳಿಯಂದ್ರ, ಹೋದ ದೀಪಾವಳಿಗೆ ಸಣ್ಣಳಿಯಂದಿರಿಗೆ ಕೋಟು ಹೊಲಿಸಿ, ನಿಮಗ ಬರೇ ಧೋತ್ರ ಕೊಟ್ಟಿದ್ದು ತಪ್ಪಾತು. ಅದಕ್ಕ ಹಿಂಗ ಸೆಟೆದು ಕೂಡ್ರಬ್ಯಾಡ್ರಿ. ಸೆಡವು ಬಿಡ್ರಿ.”

ಕೋಟಿನ ವಿಷಯ ನನಗೆ ತಿಳಿದದ್ದೇ ಆಗ. ತಿಳಿದ ಮೇಲೆ ಸ್ವಲ್ಪ ಸೆಡವು ಬಂದದ್ದೂ ನಿಜ. ಆದರೂ ಲೋಟ ಬಿದ್ದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಅವರದೇ ಗೋಡೆಗೆ ನಿಂತು ತೋರಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನಸ್ಸು ತಡೆಯದೆ ಇನ್ನೊಂದನ್ನೂ ಒಪ್ಪಿಕೊಂಡೆ: ಹೆಣ್ಣು ನೋಡಲು ಬಂದಾಗ ನಾನು ತಲೆ ತಗ್ಗಿಸಿ ಕೂತದ್ದು ವಿನಯದಿಂದಲ್ಲ, ಆಗಲೇ ಮಿಲ್ಲು ಸೇರಿ ಮೂರು ವರ್ಷವಾಗಿತ್ತು. ಆ ವಿನಯಕ್ಕೆ ಮೆಚ್ಚಿ ಮಗಳನ್ನು ಕೊಟ್ಟಿದ್ದರೆ ಕ್ಷಮಿಸಬೇಕು.

ಮಾವ ನಕ್ಕುಬಿಟ್ಟರು. “ಯಾವ ವಿನಯಾರಿ? ಈ ಮನುಷ್ಯ ಸಿಡುಕ ಐದಾನ, ಮಾರಿ ಎತ್ತವಲ್ಲ, ಬ್ಯಾಡ ಅಂದಿದ್ದೆ ನಾನು. ಗಿರಿಜಾನೇ ನಿಮ್ಮೆದುರಿಗೆ ಕೂತು ಅರ್ಧ ತಾಸು ನಿಮ್ಮನ್ನ ನೋಡಿ, ಇವರ ಆಗ್ಲಿ ಅಂದ್ಲು.”

ನನಗೆ ಮೈ ಹಗುರಾಯಿತು. ಒಂಬತ್ತು ವರ್ಷದಿಂದ ನಾನು ಯಾರನ್ನೂ ಮೋಸಗೊಳಿಸಿರಲಿಲ್ಲ. ಆಮೇಲೆ ನಿಧಾನವಾಗಿ ಲೆಕ್ಕ ಹಾಕಿದೆ. ಅರ್ಧ ತಾಸು ಒಬ್ಬ ಹುಡುಗಿ ನನ್ನನ್ನೇ ನೋಡುತ್ತ ಎದುರಿಗೆ ಕೂತಿದ್ದಳು. ಆ ಅರ್ಧ ತಾಸಿನಲ್ಲಿ ನನಗೆ ಈಗಲೂ ಸ್ಪಷ್ಟವಾಗಿ ನೆನಪಿರುವುದು ಮಾವನವರ ಬಲಗಾಲಿನ ಹೆಬ್ಬೆರಳು ಒಂದೇ.