ಹುಳುಮನೆಯಲ್ಲಿ ಹಸಿರು ಚುಕ್ಕೆ

ಮಧ್ಯಾಹ್ನ ಎರಡು ಗಂಟೆಯಾದ ಮೇಲೆ ನಾನು ನಂಬಿಕೆಗೆ ಯೋಗ್ಯನಾದ ಮನುಷ್ಯನಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಐವತ್ತೆರಡು ವರ್ಷ ಹಿಡಿಯಿತು. ಬೆಳಗ್ಗೆ ನಾನು ಚುರುಕು. ಸಂಜೆಯೂ ಪರವಾಗಿಲ್ಲ. ಆದರೆ ಮುದ್ದೆ, ಅವರೆಕಾಳಿನ ಸಾರು ಒಳಗೆ ಇಳಿದು, ಗಡಿಯಾರದ ಚಿಕ್ಕ ಮುಳ್ಳು ಎರಡರ ಮೇಲೆ ಬಂದು ಕುಳಿತಿತೆಂದರೆ ಕಣ್ಣೆದುರಿನ ಲೋಕ ಅಂಚಿನಿಂದ ಕರಗಲು ಶುರುವಾಗುತ್ತದೆ. ಮದುವೆಯಾದ ಹೊಸತರಲ್ಲಿ ಮಾವನವರು ತಮ್ಮ ದ್ರಾಕ್ಷಿ ತೋಟದ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತಿದ್ದಾಗ, ನಾನು ಅವರ ಎದುರೇ ಕುಳಿತು ತಲೆಯಾಡಿಸುತ್ತಲೇ ನಿದ್ದೆಹೋಗಿದ್ದೆ. ಅಳಿಯ ಎಷ್ಟು ವಿನಯದಿಂದ ಕೇಳಿಸಿಕೊಂಡ ಎಂದು ಅವರು ತಮ್ಮೂರು ನಂದಿಯಲ್ಲಿ ಅರ್ಧ ಊರಿಗೆ ಹೇಳಿಕೊಂಡು ಬಂದರು. ನನ್ನ ಹೆಂಡತಿ ಸುಧಾಗೆ ಮಾತ್ರ ನಿಜ ಗೊತ್ತಿತ್ತು. ಅವಳು ಅದನ್ನು ಇವತ್ತಿಗೂ ಬೇಕೆಂದಾಗ ಹೊರತೆಗೆದು ಬಳಸುತ್ತಾಳೆ.

ನನ್ನ ಕೆಲಸವೂ ನಿದ್ದೆಗೆ ದಿಂಬು ಕೊಡುವಂಥದ್ದೇ. ಮಿಕ್ಸಿ, ಗೀಸರು, ವಾಷಿಂಗ್ ಮೆಷೀನು ಕೊಂಡಾಗ ಡಬ್ಬದೊಳಗೆ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ಯಾರೂ ಓದದೆ ನೇರವಾಗಿ ಅಟ್ಟಕ್ಕೆ ಹಾಕುತ್ತಾರಲ್ಲ, ಅದರ ಕನ್ನಡ ಭಾಗವನ್ನು ಬರೆಯುವವನು ನಾನು. ‘ಯಂತ್ರವು ತಿರುಗುತ್ತಿರುವಾಗ ಬಾಗಿಲನ್ನು ತೆರೆಯಬೇಡಿ’ ಎಂಬ ವಾಕ್ಯವನ್ನು ಬೇರೆ ಬೇರೆ ಬಗೆಯಲ್ಲಿ ಬರೆದು ನನಗೆ ಈಗ ನಮ್ಮ ಮನೆಯ ಬೀರುವಿನ ಬಾಗಿಲು ತೆರೆಯಲೂ ಅಳುಕು. ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಬೆಂಗಳೂರಿನಲ್ಲಿ ಕುಳಿತ ತಂಡದ ಮುಖ್ಯಸ್ಥ ಅರವಿಂದನಿಗೆ ನಮ್ಮ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಚುಕ್ಕೆ ಕಾಣುತ್ತದೆ. ಕೆಲಸ ಮಾಡುತ್ತಿದ್ದರೆ ಹಸಿರು. ಐದು ನಿಮಿಷ ಮೌಸು ಅಲುಗಾಡದಿದ್ದರೆ ಹಳದಿ. ನಾನು ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಎರಡರಿಂದ ಮೂರರವರೆಗೆ ನನ್ನ ಚುಕ್ಕೆ ಮಾಗಿದ ಮಾವಿನ ಹಣ್ಣಿನ ಬಣ್ಣದಲ್ಲಿರುತ್ತಿತ್ತು. ಕೊನೆಗೆ ಅರವಿಂದ ಫೋನು ಮಾಡಿ, ಬಹಳ ಮರ್ಯಾದೆಯಿಂದಲೇ, “ಸಾರ್, ಇನ್ನು ಮೂರು ತಿಂಗಳು ನೋಡ್ತೀವಿ. ಹೀಗೇ ಆದ್ರೆ ಒಪ್ಪಂದ ಮುಂದುವರಿಸೋಕೆ ಆಗಲ್ಲ” ಅಂದ. ಆ ವಯಸ್ಸಿನಲ್ಲಿ ಹೊಸ ಕೆಲಸ ಹುಡುಕಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ. ಸುಧಾ ಮಾತ್ರ ಸಮಸ್ಯೆಯ ಬುಡಕ್ಕೇ ಕೈ ಹಾಕಿದಳು. “ಮನೇಲಿ ಮಂಚ ಇದೆ, ಅದಕ್ಕೇ ಮಲಗ್ತೀರ. ಮಂಚ ಇಲ್ದಿರೋ ಕಡೆ ಹೋಗಿ ಕೂತ್ಕೊಳ್ಳಿ,” ಅಂದಳು.

ಹಾಗೆ ನಾನು ಮುನಿರತ್ನಮ್ಮನವರ ಕೋವರ್ಕಿಂಗ್ ಹಾಲಿಗೆ, ಬೇರೆ ಬೇರೆ ಕಂಪನಿಗಳವರು ಬಾಡಿಗೆ ಕೊಟ್ಟು ಒಂದೇ ಕಡೆ ಕುಳಿತು ಕೆಲಸ ಮಾಡುವ ಜಾಗಕ್ಕೆ, ಸೇರಿದ್ದು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವಲ್ಲಿ ಅದು ಇದೆ. ಮೊದಲು ಅದು ರೇಷ್ಮೆಹುಳು ಸಾಕುವ ಮನೆ. ದಪ್ಪ ಗೋಡೆ, ಎತ್ತರದ ಸೂರು, ಹುಳುವಿಗೆ ಕಂಟಕವಾದ ಊಜಿ ನೊಣ ಒಳಗೆ ಬಾರದಂತೆ ಕಿಟಕಿಗಳಿಗೆಲ್ಲ ಬಲೆ. ಸೊಪ್ಪಿನ ಹೊರೆ ಎತ್ತಲು ಸೊಂಟ ಒಪ್ಪದೇ ಹೋದಾಗ ಮುನಿರತ್ನಮ್ಮ ಹುಳು ಮೇಯಿಸುವುದನ್ನು ಬಿಟ್ಟರು. ಇಂಜಿನಿಯರಿಂಗ್ ಓದಿದ ಮೊಮ್ಮಗಳು ಬಂದು ಮೇಜು, ಕುರ್ಚಿ, ಇಂಟರ್ನೆಟ್ಟು ಹಾಕಿಸಿಕೊಟ್ಟು ಹೋದಳು. ಹುಳು ಹೋಗಿ ನಾವು ಬಂದೆವು, ಆದರೆ ಕಾನೂನು ಬದಲಾಗಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹುಳುವಿಗೆ ರೋಗ ತಗಲದಿರಲೆಂದು ಹೊಸ್ತಿಲಲ್ಲಿ ಹರಡುತ್ತಿದ್ದ ಸುಣ್ಣದ ಪುಡಿಯನ್ನು ಈಗಲೂ ತುಳಿದೇ ಒಳಗೆ ಬರಬೇಕು. ಸೆಂಟು ಹಾಕಿಕೊಂಡವರಿಗೆ ಪ್ರವೇಶವಿಲ್ಲ. ಊದುಬತ್ತಿ, ಬೀಡಿ, ಒಗ್ಗರಣೆಯ ಘಾಟು ಯಾವುದೂ ಕೂಡದು. ಪೆರೇಸಂದ್ರದಿಂದ ಬರುವ ಮಂಜುನಾಥ, ಮನೆಗಳ ಪ್ಲಾನು ಬರೆಯುವವನು, ಒಮ್ಮೆ ಧೈರ್ಯಮಾಡಿ, “ಅಮ್ಮಾ, ಈಗ ಹುಳ ಇಲ್ವಲ್ಲ, ಸುಣ್ಣ ಯಾಕೆ?” ಎಂದು ಕೇಳಿದ. “ನೀವಿದೀರಲ್ಲಪ್ಪ,” ಅಂದರು ಮುನಿರತ್ನಮ್ಮ. ಹಳೆಯ ಬಿದಿರಿನ ಚಂದ್ರಿಕೆಗಳು, ಹುಳು ಗೂಡು ಕಟ್ಟುತ್ತಿದ್ದ ಆ ದೊಡ್ಡ ತಟ್ಟೆಗಳು, ಇನ್ನೂ ಗೋಡೆಗೆ ಒರಗಿಕೊಂಡಿವೆ. ಅವುಗಳ ಸುರುಳಿಗಳಲ್ಲಿ ಈಗ ನಮ್ಮ ಚಾರ್ಜರ್ ವೈರುಗಳು ಸಿಕ್ಕಿಸಿಕೊಂಡಿರುತ್ತವೆ.

ಆ ಜಾಗದ ಗುಣವೇ ಬೇರೆ. ಬಲೆಯ ಮೂಲಕ ಸೋಸಿ ಬರುವ ಬೆಳಕಿಗೆ ಹಾಲಿನ ಕೆನೆಯ ಬಣ್ಣ. ದೂರದಲ್ಲಿ ನಂದಿ ಬೆಟ್ಟ, ಒಮ್ಮೆ ಇರುತ್ತದೆ, ಒಮ್ಮೆ ಮೋಡದೊಳಗೆ ಹೋಗಿ ಬರುತ್ತದೆ. ಎಂಟು ಹತ್ತು ಜನ ತಲೆ ತಗ್ಗಿಸಿ ಕೀಬೋರ್ಡಿನ ಕೀಲಿಗಳನ್ನು ಒತ್ತುವ ಸದ್ದು ಒಂದೇ ಸಮನೆ ಹಿಡಿದ ಜಡಿಮಳೆಯಂತೆ ಕೇಳುತ್ತದೆ. ಮುನಿರತ್ನಮ್ಮ ಬಾಗಿಲ ಬಳಿ ಕುಳಿತು ಕಣ್ಣುಮುಚ್ಚಿ ಆ ಸದ್ದನ್ನು ಆಲಿಸುತ್ತಾರೆ. “ಹುಳ ಸೊಪ್ಪು ತಿನ್ನೋವಾಗ ಇಂಗೇ ಕೇಳ್ತಿತ್ತು ಸಾರ್. ಅದು ನಿಂತೋದ್ಮೇಲೆ ಮನೆ ಬಿಕೋ ಅಂತಿತ್ತು. ನಿದ್ದೇನೇ ಬರ್ತಿರ್ಲಿಲ್ಲ,” ಎಂದು ಒಮ್ಮೆ ನನ್ನ ಬಳಿ ಹೇಳಿದರು. ಅವರ ನಿದ್ದೆ ಎಲ್ಲಿಗೆ ಹೋಗಿತ್ತೆಂಬುದು ನನಗೆ ಗೊತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಅದೆಲ್ಲ ಸೇರಿ ನನ್ನ ಮೇಲೆ ಬರುತ್ತಿತ್ತು. ಮಂಚವಿಲ್ಲದಿದ್ದರೇನು, ಕಿಟಕಿಯ ಪಕ್ಕದ ಕುರ್ಚಿಯಿತ್ತು. ನೋಡನೋಡುತ್ತಲೇ ನಂದಿ ಬೆಟ್ಟದ ಮೇಲೆ ಒಂದು ದೊಡ್ಡ ವಾಷಿಂಗ್ ಮೆಷೀನು ಮೋಡಗಳನ್ನು ಒಗೆಯಲು ತೊಡಗುತ್ತಿತ್ತು. ಮಾವನವರು ಅದರ ಪಕ್ಕದಲ್ಲಿ ನಿಂತು ದ್ರಾಕ್ಷಿಯ ವಿಷಯ ಹೇಳುತ್ತಿದ್ದರು. ಬಾಗಿಲು ತೆರೆಯಬೇಡಿ ಎಂದು ನಾನು ಕೂಗುವಷ್ಟರಲ್ಲಿ ಅವರು ತೆರೆದು, ಇಡೀ ಚಿಕ್ಕಬಳ್ಳಾಪುರದ ಮೇಲೆ ಬಿಳಿ ನೊರೆ ಮೆಲ್ಲಗೆ ಇಳಿಯುತ್ತಿತ್ತು. ಅಲ್ಲಿಗೆ ಎಚ್ಚರವಾಗುತ್ತಿತ್ತು. ಬೆಚ್ಚಿಬಿದ್ದು ಪರದೆ ನೋಡಿದರೆ ಚುಕ್ಕೆ ಹಸಿರು! ಓಹೋ, ನಾನು ಕಣ್ಣು ಮುಚ್ಚಿದ್ದು ಒಂದೆರಡು ನಿಮಿಷ ಅಷ್ಟೇ ಎಂದುಕೊಳ್ಳುತ್ತಿದ್ದೆ.

ಮೂರು ತಿಂಗಳು ಹೀಗೇ ಕಳೆಯಿತು. ಅರವಿಂದ ಫೋನು ಮಾಡಿದ. “ಸಾರ್, ನಂಬೋಕೇ ಆಗ್ತಿಲ್ಲ. ಊಟ ಆದ್ಮೇಲೆ ಇಡೀ ತಂಡದಲ್ಲಿ ಎಲ್ಲರಿಗಿಂತ ಹಸಿರಾಗಿರೋರು ನೀವೇ!” ಒಪ್ಪಂದ ಮುಂದುವರಿಯಿತು. ನಾನು ಕಾಲು ನೆಲದ ಮೇಲಿಡದೆ ಓಡಾಡಿದೆ. ಮೈಸೂರು ಪಾಕು ತಂದು ಅಲ್ಲಿದ್ದವರಿಗೆಲ್ಲ ಹಂಚಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನುಷ್ಯ ಮನಸ್ಸು ಮಾಡಿದರೆ ದೇಹ ಹೇಗೆ ಮಾತು ಕೇಳುತ್ತದೆ ಎಂಬ ಬಗ್ಗೆ ನಿಂತುಕೊಂಡು ಸಣ್ಣದೊಂದು ಭಾಷಣವನ್ನೂ ಬಿಗಿದೆ. ಎಲ್ಲರೂ ಮೈಸೂರು ಪಾಕು ತಿನ್ನುತ್ತ ಗಂಭೀರವಾಗಿ ಕೇಳಿದರು. ನನ್ನ ಎದುರು ಮೇಜಿನ ಶಾಹೀನ್, ಶಿಡ್ಲಘಟ್ಟದಿಂದ ಬರುವ ಹೆಣ್ಣುಮಗಳು, ಯಾವುದೋ ಕಂಪನಿಗೆ ಗಿರಾಕಿಗಳ ವಿಳಾಸ ಸರಿಪಡಿಸುವ ಕೆಲಸದವಳು, ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಮಂಜುನಾಥ ಕೈ ಒರೆಸಿಕೊಂಡು, “ಎಲ್ಲಾ ಸರಿ ಸಾರ್. ಆದ್ರೆ ನಿಮ್ಮ ಮೌಸ್ ಸ್ವಲ್ಪ ಎಡಕ್ಕೆ ಎಳೀತದೆ, ಒಂದ್ಸಲ ತೋರಿಸ್ಬಿಡಿ,” ಅಂದ.

ನನ್ನ ಮೌಸು ಎಡಕ್ಕೆ ಎಳೆಯುವುದು ಇವನಿಗೆ ಹೇಗೆ ಗೊತ್ತು? ಅರ್ಥವಾಗಲು ನನಗೆ ಎರಡು ತುಂಡು ಮೈಸೂರು ಪಾಕು ಬೇಕಾಯಿತು. ನೀರಿನ ಹೂಜಿಯನ್ನು ಬಾಗಿಲ ಬಳಿಯಿಂದ ತೆಗೆದು ನನ್ನ ಮೇಜಿನ ಪಕ್ಕಕ್ಕೆ ಏಕೆ ತಂದಿಟ್ಟಿದ್ದರೆಂದು ಆಗ ಹೊಳೆಯಿತು. ನನ್ನ ಸಹವಾಸ ಬಯಸಿ ಜನ ಪದೇ ಪದೇ ನೀರು ಕುಡಿಯಲು ಬರುತ್ತಾರೆಂದು ನಾನು ತಿಳಿದಿದ್ದೆ! ನಾಲ್ಕು ನಿಮಿಷಕ್ಕೊಬ್ಬರು ಎದ್ದು ಬಂದು, ಒಂದು ಗುಟುಕು ನೀರು ಕುಡಿದು, ಹೋಗುವಾಗ ನನ್ನ ಮೌಸನ್ನು ಒಮ್ಮೆ ತಳ್ಳಿ ಹೋಗುತ್ತಿದ್ದರು. ನಾನು ಅವಮಾನದಿಂದ ಕುಗ್ಗಿಹೋಗಿ, “ನನ್ನನ್ನ ಎಬ್ಬಿಸಬಾರದಾಗಿತ್ತಾ?” ಎಂದು ಕೇಳಿದೆ. ಮುನಿರತ್ನಮ್ಮನವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲುಗಾಡದೆ ಮಲಗುತ್ತದೆ. ಆಮೇಲೆ ಪೊರೆ ಬಿಟ್ಟು ಏಳುತ್ತದೆ. ಹುಳು ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. “ಜ್ವರಕ್ಕೆ ಕೂತಿರೋ ಹುಳಾನ ಯಾರಾದ್ರೂ ಮುಟ್ತಾರಾ ಸಾರ್? ಎದ್ದ ಮೇಲೆ ಅದೇ ಚೆನ್ನಾಗಿ ತಿಂತದೆ. ನಾವು ಊರಿಗೆ ಗೀರಿಗೆ ಹೋದ್ರೆ ಪಕ್ಕದ ಮನೆಯೋರು ಬಂದು ನಮ್ಮ ಹುಳಕ್ಕೆ ಸೊಪ್ಪು ಹಾಕೋರು, ನಾವು ಅವರ್ದಕ್ಕೆ ಹಾಕ್ತಿದ್ವಿ. ಇದೂ ಅಂಗೇ ಬುಡಿ,” ಅಂದರು.

ಇಷ್ಟು ವರ್ಷ ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ನನ್ನ ನಿದ್ದೆಯನ್ನು ಕಂಡವರು ನಕ್ಕಿದ್ದರು, ಬೈದಿದ್ದರು, ಒಬ್ಬರು ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದರು. ಕಾವಲು ಕಾದವರು ಇವರೇ ಮೊದಲು. ಅರವಿಂದನಿಗೆ ಎಲ್ಲವನ್ನೂ ಬರೆದು ಒಪ್ಪಿಕೊಳ್ಳಬೇಕೆಂದು ಮರುದಿನ ಊಟವಾದ ಮೇಲೆ ಕುಳಿತೆ. ಎರಡು ಸಾಲು ಬರೆಯುವಷ್ಟರಲ್ಲಿ ಎರಡು ಗಂಟೆಯಾಯಿತು. ಮೂರಕ್ಕೆ ಎದ್ದಾಗ ಆ ಪತ್ರದ ಅಗತ್ಯ ಮೊದಲಿನಷ್ಟು ಕಾಣಲಿಲ್ಲ. ಮಲಗಿದ ಒಂದು ಗಂಟೆಯನ್ನು ಸಂಜೆ ಕುಳಿತು ತೀರಿಸುವುದೆಂದು ತೀರ್ಮಾನಿಸಿದೆ, ಹಾಗೆಯೇ ನಡೆದುಕೊಂಡೂ ಬಂದಿದ್ದೇನೆ.

ಇವರಿಗೆಲ್ಲ ನಾನೂ ಏನಾದರೂ ಮಾಡಬೇಕೆಂಬ ಆಸೆ ಮಾತ್ರ ಹುಳುವಿನಂತೆ ಕೊರೆಯುತ್ತಿತ್ತು. ಅವಕಾಶ ಶಾಹೀನಳಿಂದ ಬಂತು. ಅವಳ ಕಂಪನಿಯಲ್ಲೂ ಇದೇ ಚುಕ್ಕೆಯ ಕಾಟ. ಕೆಲಸ ಕಾಯಂ ಆಗಲು ಇನ್ನೊಂದೇ ವಾರ ಉಳಿದಿತ್ತು. ಆ ವಾರವೇ ಮಗಳ ಶಾಲೆ ಬೇಗ ಬಿಡತೊಡಗಿತು. ಎರಡು ಗಂಟೆಗೆ ಹೋಗಿ ಮಗುವನ್ನು ಕರೆತರಬೇಕು, ಅರ್ಧ ಗಂಟೆಯ ದಾರಿ. ಮಂಜುನಾಥ ಸೈಟು ಅಳೆಯಲು ಚಿಂತಾಮಣಿಗೆ ಹೋಗಿದ್ದ. ಉಳಿದವರು ಮೀಟಿಂಗುಗಳಲ್ಲಿ ಸಿಕ್ಕಿಕೊಂಡಿದ್ದರು. ಮುನಿರತ್ನಮ್ಮ ಕಂಪ್ಯೂಟರನ್ನು ಬೆರಳ ತುದಿಯಿಂದಲೂ ಮುಟ್ಟುವವರಲ್ಲ. “ನಾನಿದೀನಲ್ಲಮ್ಮ, ಹೋಗಿ ಬಾ,” ಅಂದೆ. ಶಾಹೀನಳ ಮುಖದ ಮೇಲೆ ಒಂದು ಕ್ಷಣ ಏನೋ ಹಾದುಹೋಯಿತು. “ಅಂಕಲ್... ಎರಡು ಗಂಟೆಗೆ?” ಅಂದಳು. “ಇದು ನನ್ನ ಕೆಲಸ ಅಲ್ಲಮ್ಮ, ನಿನ್ನದು. ಹೆಂಗೆ ನಿದ್ದೆ ಬರ್ತದೆ?” ಅಂದೆ. ಅವಳು ಹೋದಳು.

ಅಂದು ಮುದ್ದೆಯನ್ನೇ ಮುಟ್ಟಿರಲಿಲ್ಲ. ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದು ಅವಳ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಬಲಗೈಯಲ್ಲಿ ಮೌಸು ಹಿಡಿದೆ. ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ. ಹಸಿರು ಚುಕ್ಕೆ ಎಷ್ಟು ಚೆಂದವಿತ್ತು! ಎಳೆಯ ಹಿಪ್ಪುನೇರಳೆ ಎಲೆಯ ಹಸಿರು. ಸುತ್ತ ಕೀಲಿಗಳ ಜಡಿ. ಆ ಹಸಿರೊಳಗಿಂದ ಒಂದು ತೋಟ ಬಿಚ್ಚಿಕೊಂಡಿತು. ನಾನು ಅದರ ಸಾಲುಗಳ ನಡುವೆ ನಡೆಯುತ್ತಿದ್ದೆ, ನೆಲ ಮೆತ್ತಗಿತ್ತು, ಯಾರೋ ನನ್ನ ಕೈ ಹಿಡಿದು ಎಡಕ್ಕೂ ಬಲಕ್ಕೂ ತೂಗುತ್ತ ಕರೆದೊಯ್ಯುತ್ತಿದ್ದರು. ಚಿಕ್ಕಂದಿನಲ್ಲಿ ಅಮ್ಮ ಹಾಗೆ ತೂಗುತ್ತಿದ್ದಳು.

ಕಣ್ಣು ಬಿಟ್ಟೆ. ಕೈ ಇನ್ನೂ ತೂಗುತ್ತಲೇ ಇತ್ತು. ನನ್ನ ಕೆನ್ನೆ ಶಾಹೀನಳ ನೋಟ್‌ಬುಕ್ಕಿನ ಮೇಲಿತ್ತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತ ಮುನಿರತ್ನಮ್ಮ ನನ್ನ ಮಣಿಕಟ್ಟು ಹಿಡಿದು, ಮೌಸಿನ ಸಮೇತ ನನ್ನ ಕೈಯನ್ನು ಅತ್ತಿಂದಿತ್ತ ಆಡಿಸುತ್ತಿದ್ದರು. ಕಂಪ್ಯೂಟರನ್ನು ಅವರು ಮುಟ್ಟಿರಲಿಲ್ಲ, ನನ್ನನ್ನಷ್ಟೇ ಮುಟ್ಟಿದ್ದರು. “ಮಲಗಿ ಸಾರ್, ಆ ಹುಡ್ಗಿ ಇನ್ನೂ ಬಂದಿಲ್ಲ,” ಅಂದರು ಪಿಸುಮಾತಿನಲ್ಲಿ. ಚುಕ್ಕೆ ಹಸಿರಾಗಿತ್ತು.

ಬಾಗಿಲಲ್ಲಿ ಸುಣ್ಣ ತುಳಿಯುವ ಸದ್ದಾಯಿತು. ಮುನಿರತ್ನಮ್ಮ ಕೈ ಬಿಟ್ಟು ಎದ್ದು ನಿಂತು, “ಸಾರ್ ಕಣ್ಣು ಮಿಟುಕಿಸ್ದಂಗೆ ಕಾದ್ರಮ್ಮ,” ಎಂದುಬಿಟ್ಟರು. “ಅದೇನು ದೊಡ್ಡ ವಿಷಯ ಬಿಡಮ್ಮ,” ಎಂದು ನಾನೂ ಸೇರಿಸಿದೆ. ನಾಚಿಕೆಗೂ ನನಗೂ ದೂರ. ಶಾಹೀನಳ ಕೈ ಹಿಡಿದು ನಿಂತಿದ್ದ ಮಗು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, “ಅಮ್ಮೀ, ಅಂಕಲ್ ಕೆನ್ನೆ ಮೇಲೆ ರೈಲು ಹಳಿ!” ಎಂದಿತು. ನೋಟ್‌ಬುಕ್ಕಿನ ಸುರುಳಿ ತಂತಿ ಕಿವಿಯಿಂದ ಗಲ್ಲದವರೆಗೆ ಅಚ್ಚೊತ್ತಿತ್ತು. ಶಾಹೀನ್ ನನ್ನನ್ನು ನೋಡಿದಳು, ಮುನಿರತ್ನಮ್ಮನನ್ನು ನೋಡಿದಳು, ಕುರ್ಚಿಗೆ ಬಂದು ಕೆಲಸ ಹಿಡಿದಳು. ನನ್ನ ಕಾವಲುಗಾರಿಕೆ ಅಲ್ಲಿಗೆ ಮುಗಿಯಿತೆಂದು ನಾನು ತಲೆ ತಗ್ಗಿಸಿದೆ.

ಮರುದಿನ ಎರಡಕ್ಕೆ ಐದು ನಿಮಿಷವಿರುವಾಗ ಅವಳು ಬಂದು, “ಅಂಕಲ್, ಇವತ್ತೂ ಸ್ವಲ್ಪ ನೋಡ್ಕೊತೀರಾ?” ಅಂದಳು. ನನಗೆ ನಂಬಲಾಗಲಿಲ್ಲ. ಎದೆಯುಬ್ಬಿಸಿಕೊಂಡು ಅವಳ ಮೇಜಿಗೆ ಹೋದೆ. ಮೌಸು ತನ್ನ ಜಾಗದಲ್ಲಿತ್ತು. ಅದರ ಪಕ್ಕದಲ್ಲಿ ಮುನಿರತ್ನಮ್ಮನವರ ಸ್ಟೂಲು ಆಗಲೇ ಬಂದಿತ್ತು. ನೋಟ್‌ಬುಕ್ಕು ಮಾತ್ರ ಇರಲಿಲ್ಲ. ಅದಿದ್ದ ಜಾಗದಲ್ಲಿ, ಸರಿಯಾಗಿ ನನ್ನ ಕೆನ್ನೆಯ ಅಳತೆಗೆ, ನಾಲ್ಕು ಮಡಿಕೆ ಮಾಡಿದ ಒಗೆದ ಟವೆಲ್ಲೊಂದನ್ನು ಇಟ್ಟು ಹೋಗಿದ್ದಳು.