ಕಾಟಪ್ಪ ಕಾರಿನ ಎಣ್ಣೆ ಬದಲಾಯಿಸಿದ್ದು

ಎಂಟು ತಿಂಗಳಿಂದ ಒಂದೇ ಒಂದು ಮಾತು ಕಾಟಪ್ಪನನ್ನು ಕೊರೆಯುತ್ತಿತ್ತು. ಆ ಮಾತಾಡಿದವನು ಮೊಳಕಾಲ್ಮೂರಿನಲ್ಲಿ ಗ್ಯಾರೇಜು ಇಟ್ಟಿರುವ ಹೆಂಡತಿಯ ತಮ್ಮ, ದುರುಗೇಶ. ನಾಲ್ಕು ಜನ ಗಿರಾಕಿಗಳ ಮುಂದೆ ಭಾವನ ಕಾರಿನ ಬಾನೆಟ್ಟು ಎತ್ತಿ, ಅಳತೆ ಕಡ್ಡಿ ಎಳೆದು, ಕರ್ರಗಾದ ಎಣ್ಣೆ ನೋಡಿ, "ಭಾವ, ಎಣ್ಣೆ ಅಂದ್ರೇನು ಅಂತ ನಿಮಗೆ ಗೊತ್ತೈತಾ?" ಎಂದು ಕೇಳಿಬಿಟ್ಟಿದ್ದ.

ಯಾರನ್ನು ಕೇಳಿದ್ದು? ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಗಾಣದ ಬಾಯಿಗೆ ನಿಂತವನನ್ನು! ಬೆರಳಿಗೆ ಒಂದು ಹನಿ ಹಚ್ಚಿ ಉಜ್ಜಿದರೆ ಕಾಯಿ ಎಷ್ಟು ಬಿಸಿಲು ಕಂಡಿತ್ತು ಎಂದು ಹೇಳುವವನನ್ನು! ಸಾಹುಕಾರರೇ ಡಬ್ಬಿಗೆ ಮುಚ್ಚಳ ಹಾಕುವ ಮೊದಲು "ಕಾಟಪ್ಪಾ, ಒಂದ್ಸಲ ನೋಡಪ್ಪ" ಅನ್ನುತ್ತಾರೆ. ಕಾಟಪ್ಪನ ತಲೆಗೆ ರಕ್ತ ಏರಿತು. "ಇನ್ನು ನಿನ್ನ ಗ್ಯಾರೇಜಿಗೆ ಕಾಲಿಟ್ಟರೆ ನಾನು ಕಾಟಪ್ಪನೇ ಅಲ್ಲ ಕಣಲೇ!" ಎಂದು ಗುಡುಗಿ ಗಾಡಿ ತಿರುಗಿಸಿದ.

ಭೀಷಣ ಪ್ರತಿಜ್ಞೆಯೇನೋ ಆಯಿತು. ಆದರೆ ದುರುಗೇಶನ ಮನೆ ಇರುವುದು ಗ್ಯಾರೇಜಿನ ಹಿಂದೆ. ಗ್ಯಾರೇಜು ದಾಟದೆ ಮನೆಗೆ ದಾರಿಯಿಲ್ಲ. (ಸಿಟ್ಟಿನಲ್ಲಿ ಪ್ರತಿಜ್ಞೆ ಮಾಡುವವರು ಮೊದಲು ದಾರಿ ನೋಡಿಕೊಳ್ಳಬೇಕು.) ಹೀಗಾಗಿ ಎಂಟು ತಿಂಗಳು ಕಾಟಪ್ಪನ ಹೆಂಡತಿ ಶಾಂತಕುಮಾರಿಗೆ ತವರಿಲ್ಲ.

ಅಷ್ಟರಲ್ಲಿ ದುರುಗೇಶನಿಗೆ, ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಹೆಣ್ಣು ಮಗು ಹುಟ್ಟಿತು. ಭಾನುವಾರ ಹನ್ನೆರಡು ಗಂಟೆಯೊಳಗೆ ನಾಮಕರಣ. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಬೇಕಾದವಳು ಸೋದರತ್ತೆ. ಇರುವ ಒಬ್ಬಳೇ ಸೋದರತ್ತೆ ಶಾಂತಕುಮಾರಿ.

"ನಾನಿಲ್ದೆ ಕೂಸಿಗೆ ಹೆಸ್ರಿಲ್ಲ. ಬಸ್ಸಿಗೆ ಹೋಗ್ತೀನಿ," ಎಂದಳು ಅವಳು.

"ಬಸ್ಸಿಂದ ಇಳಿದ್ರೆ ನಿನ್ ತಮ್ಮ ಏನಂತಾನೆ? 'ಯಾಕಕ್ಕಾ, ಭಾವನ ಗಾಡಿ ಗುಜರಿಗೆ ಹಾಕಿದ್ರಾ' ಅಂತಾನೆ. ಕಾರಲ್ಲೇ ಹೋಗಣ. ನೀನು ಒಳಕ್ಕೋಗು, ನಾನು ರಸ್ತೇಲಿ ಗಾಡಿಯೊಳಗೇ ಕೂತಿರ್ತೀನಿ. ಎಣ್ಣೆ ಈ ಸಲ ನಾನೇ ಬದಲಾಯಿಸ್ತೀನಿ, ಇಲ್ಲೇ, ಮನೆ ಮುಂದೆ!"

"ರೀ, ಮೊನ್ನೆ ನಲ್ಲಿಗೆ ವಾಷರ್ ಹಾಕ್ತೀನಿ ಅಂತ ಹೋಗಿ ಬೀದಿಗೇ ನೀರು ನಿಲ್ಸಿದ್ರಿ."

"ಅದು ನೀರು. ಇದು ಎಣ್ಣೆ!" ಎಂದ ಕಾಟಪ್ಪ.

ಶನಿವಾರ ಬೆಳಿಗ್ಗೆ ಮುಂದಿನ ಎರಡು ಚಕ್ರಗಳನ್ನು ಕಲ್ಲುಚಪ್ಪಡಿಗಳ ಮೇಲೆ ಹತ್ತಿಸಿ, ಹಿಂದಿನದಕ್ಕೆ ಗುಂಡುಕಲ್ಲು ಕೊಟ್ಟು, ಕಾಟಪ್ಪ ಗೋಣಿಚೀಲದ ಮೇಲೆ ಬೆನ್ನಡಿಯಾಗಿ ಪಾತಾಳ ಪ್ರವೇಶ ಮಾಡಿದ. ಫೋನಿನಲ್ಲಿ ಆರು ನಿಮಿಷದ ವಿಡಿಯೋ ನೋಡಿಕೊಂಡಿದ್ದ. ಅದರಲ್ಲಿ ಒಬ್ಬ ಹಿಂದಿಯಲ್ಲಿ ವಿವರಿಸುತ್ತಿದ್ದ. ಕಾಟಪ್ಪನಿಗೆ ಹಿಂದಿ ಬಾರದು, ಆದರೆ ಎಣ್ಣೆಗೆ ಭಾಷೆ ಯಾಕೆ? ಕೆಳಗಡೆ ಒಂದು ಬೋಲ್ಟು ಬಿಚ್ಚಬೇಕು, ಅಷ್ಟೇ. ಮಿಲ್ಲಿನಿಂದ ತಂದ ಸ್ಪಾನರ್ ಮೊದಲು ಕಂಡ ಬೋಲ್ಟಿಗೆ ಕೂರಲಿಲ್ಲ. ಒಂದು ಗೇಣು ಪಕ್ಕದಲ್ಲಿ ಇನ್ನೊಂದು ಬೋಲ್ಟಿತ್ತು. ಅದಕ್ಕೆ ಅಳಿಯನ ಬೆರಳಿಗೆ ಉಂಗುರ ಕೂತಂತೆ ಕೂತಿತು. ಕೂತ ಕಡೆ ತಿರುಗಿಸಿದ.

ಎಣ್ಣೆ ಶಾಂತಕುಮಾರಿಯ ಹಿಟ್ಟು ಕಲಸುವ ಬೇಸಿನ್ನಿಗೆ ಇಳಿಯಿತು. ಕಾಟಪ್ಪ ಬೆರಳಿಗೆ ಹಚ್ಚಿ ಉಜ್ಜಿದ, ಮೂಸಿದ, ಬಿಸಿಲಿಗೆ ಹಿಡಿದ. ಜೇನಿನ ಬಣ್ಣ!

"ಶಾಂತೀ, ಬಾರೇ ಇಲ್ಲಿ! ನಿನ್ ತಮ್ಮ ಎಣ್ಣೆ ಕರ್ರಗಾಗೈತೆ, ಇಂಜಿನ್ ಸಾಯ್ತೈತೆ ಅಂತಿದ್ನಲ್ಲ, ನೋಡಿದನ್ನ! ಮೊದಲನೇ ಗಾಣದ ಎಣ್ಣೆ ಇದ್ದಂಗೈತೆ. ಇಂಥದ್ದನ್ನ ತೆಗೆಸಿ ಜನರ ದುಡ್ಡು ತಿಂತಾನೆ ಖದೀಮ!"

ಮೂರೂವರೆ ಲೀಟರು ಬರಬೇಕು ಎಂದು ವಿಡಿಯೋದಲ್ಲಿ ಬರೆದಿತ್ತು. ಬಂದದ್ದು ಎರಡು. ಉಳಿದದ್ದನ್ನು ಇಂಜಿನ್ನು ಕುಡಿದಿದೆ ಎಂದು ಕಾಟಪ್ಪ ತೀರ್ಪು ಕೊಟ್ಟ. ಬೋಲ್ಟು ಬಿಗಿದು, ಲಾಳಿಕೆ ಇಟ್ಟು, ಹೊಸ ಡಬ್ಬಿಯ ಮೂರೂವರೆ ಲೀಟರನ್ನೂ ಇಂಜಿನ್ನಿನ ಬಾಯಿಗೆ ಸುರಿದ. ಕಡ್ಡಿ ಎಳೆದರೆ ಎಣ್ಣೆ ಮೇಲಿನ ಗೆರೆ ದಾಟಿ ಗೇಣುದ್ದ ಮೇಲಿತ್ತು. ಮಿಲ್ಲಿನ ಧರ್ಮವೇ ಅದು: ಅಳತೆಯ ಮೇಲೆ ಒಂದು ಕೈ ಹೆಚ್ಚು ಹಾಕಬೇಕು, ಗಿರಾಕಿ ಹರಸಬೇಕು.

ಕಾರಿನ ಹಳೇ ಎಣ್ಣೆ ಅಂದರೆ ಬೀದಿಗೆ ಪ್ರಸಾದವಿದ್ದಂತೆ. ಬಾಗಿಲಿನ ಗೆದ್ದಲಿಗೆ ಬೇಕೆಂದು ಎದುರುಮನೆಯ ಹುಚ್ಚಕ್ಕ ಚೊಂಬು ಹಿಡಿದು ಬಂದಳು. ಎಮ್ಮೆಯ ಉಣ್ಣೆಹುಳಕ್ಕೆ ಬೇಕೆಂದು ಪಕ್ಕದ ಮನೆಯ ಕ್ಯಾತಣ್ಣ ಬಾಟ್ಲಿ ತಂದ.

"ಹಳೇ ಆಯಿಲ್ ಅಂದ್ರೆ ಕಾಡಿಗೆ ಇದ್ದಂಗೆ ಇರ್ತದಲ್ಲೋ ಕಾಟಪ್ಪ? ಇದೇನು ಒಗ್ಗರಣೆಗೆ ಹಾಕಂಗೈತೆ?" ಎಂದಳು ಹುಚ್ಚಕ್ಕ.

"ಗಾಡಿ ಇಟ್ಕಳ್ಳೋ ರೀತೀಲಿ ಇಟ್ಕಂಡ್ರೆ ಹಿಂಗೇ ಇರ್ತೈತೆ ಹುಚ್ಚಕ್ಕಾ," ಎಂದು ಕಾಟಪ್ಪ ಮೀಸೆ ಮುಟ್ಟಿಕೊಂಡ. ಮೀಸೆಗೂ ಎಣ್ಣೆಯಾಯಿತು.

ಭಾನುವಾರ ಒಂಬತ್ತೂವರೆಗೆ ಹೊರಟರು. ಊರು ದಾಟುವಷ್ಟರಲ್ಲಿ ಹಿಂದೆ ಬಿಳಿ ಹೊಗೆ. "ಹೊಸ ಎಣ್ಣೆ ಅಲ್ವಾ, ಕಾಯ್ತಾ ಐತೆ," ಎಂದ ಕಾಟಪ್ಪ. ತಳಕು ದಾಟುವಾಗ ಕಾರಿನ ಹೊಟ್ಟೆಯಲ್ಲಿ ಹಂದಿಮರಿ ಸಿಕ್ಕಿಕೊಂಡಂಥ ಕೀರಲು ಶುರುವಾಯಿತು. "ರಸ್ತೆ ಸರಿಯಿಲ್ಲ," ಎಂದ. ಬಿ.ಜಿ. ಕೆರೆ ಹತ್ತಿರ ಮರಿಯ ಜೊತೆ ತಾಯಿಯೂ ಸೇರಿಕೊಂಡಿತು. "ಇದಕ್ಕೇನಂತೀರಿ?" ಎಂದಳು ಶಾಂತಕುಮಾರಿ. ಕಾಟಪ್ಪ ಏನೋ ಅನ್ನುವ ಮೊದಲೇ ಗೇರು ಹಲ್ಲು ಕಡಿದು, 'ಕಟಾರ್' ಎಂದು ಕಾರು ನಿಂತಿತು. ಬಯಲಿನಲ್ಲಿ ಗಾಳಿ ಬಿಟ್ಟರೆ ಯಾರೂ ಇಲ್ಲ. ಹತ್ತು ಮುಕ್ಕಾಲು. ಆಗತಾನೆ ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಮುಂದೆ ಹೋಯಿತು. ಅವಳು ಹೋಗುತ್ತೇನೆ ಅಂದಿದ್ದ ಬಸ್ಸು.

ಶಾಂತಕುಮಾರಿ ಬೈಯಲಿಲ್ಲ. ಸೀರೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, "ಒಂಬತ್ತು ವರ್ಷ ಕಾದಿದ್ದ ಕೂಸು ಕಣ್ರಿ," ಎಂದಳಷ್ಟೇ. ಬೈದಿದ್ದರೆ ಕಾಟಪ್ಪ ತಿರುಗಿ ಬೈದು ಬದುಕಿಕೊಳ್ಳುತ್ತಿದ್ದ. ಈ ಮಾತಿಗೆ ಅವನು ಸತ್ತೇ ಹೋದ. ಜೇಬಿನಿಂದ ಫೋನು ತೆಗೆದು, ಮುಖ ತಿರುಗಿಸಿಕೊಂಡು ಅವಳ ಕೈಗಿಟ್ಟ. "ಕರಿ ಅವನ್ನ."

ಪಂಚೆ ಉಟ್ಟು ಪೂಜೆಗೆ ಕೂರಬೇಕಿದ್ದ ದುರುಗೇಶ ಅದೇ ಪಂಚೆಯಲ್ಲಿ ಜೀಪು ತಂದ. ಅಕ್ಕನನ್ನು ಮುಂದೆ ಕೂರಿಸಿಕೊಂಡು, ಕಾರಿಗೆ ಹಗ್ಗ ಕಟ್ಟಿ, "ಭಾವ, ಸ್ಟೇರಿಂಗ್ ಹಿಡ್ಕಂಡು ಕೂತ್ಕಳ್ಳಿ," ಎಂದ. ಇಷ್ಟು ವರ್ಷ ಗಾಣ ತಿರುಗಿಸಿದವನು ಅವತ್ತು ಗಾಣದ ಎತ್ತಿನ ಹಾಗೆ ಹಗ್ಗದ ಹಿಂದೆ ಹೋದ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಜೀಪು, ಹಗ್ಗ, ಕಾರು, ಕಾಟಪ್ಪ ಎಲ್ಲವೂ ನೇರ ಗ್ಯಾರೇಜಿನೊಳಗೆ ನುಗ್ಗಿದವು.

ಕಾಟಪ್ಪ ಗಾಜು ಏರಿಸಿಕೊಂಡು ಒಳಗೇ ಕೂತ. ಚಕ್ರ ಗ್ಯಾರೇಜು ಮುಟ್ಟಿರಬಹುದು, ಕಾಲು ಮುಟ್ಟಿಲ್ಲ. ಮಾತು ಇನ್ನೂ ಜೀವಂತವಾಗಿದೆ.

ಹಿಂದಿನ ಮನೆಯಿಂದ ತೊಟ್ಟಿಲ ಹಾಡು ಕೇಳಿತು. ಹೆಸರು ಉಸುರಿದ ಶಾಂತಕುಮಾರಿಯ ಬೆನ್ನಿಗೆ ಹೆಂಗಸರು ವಾಡಿಕೆಯಂತೆ ಗುದ್ದಿ ನಕ್ಕಿದ್ದೂ ಕೇಳಿತು. ಕಾಟಪ್ಪನ ಎದೆ ಹಗುರಾಯಿತು. ಅದರ ಹಿಂದೆಯೇ ಹೋಳಿಗೆ ತುಪ್ಪದ ವಾಸನೆ ಬಂತು. ಹೊಟ್ಟೆ ಎದೆಗಿಂತಲೂ ಹಗುರವಾಗಿತ್ತು.

ದುರುಗೇಶ ಬಂದ. "ಭಾವ, ಊಟಕ್ಕೇಳಿ."

"ಇಳಿಯಲ್ಲ."

"ಹಂಗಾದ್ರೆ ಗಾಡಿಗೇನಾಗೈತೆ ನೋಡ್ತೀನಿ. ಕೂತಿರಿ," ಎಂದು ಗುಂಡಿ ಒತ್ತಿದ. ಎರಡು ಕಂಬಗಳ ಲಿಫ್ಟು ಗುರ್ರೆಂದು ಕಾರನ್ನು ಕಾಟಪ್ಪನ ಸಮೇತ ಆಳೆತ್ತರಕ್ಕೆ ಎತ್ತಿತು. ದುರುಗೇಶ ಕೆಳಗೆ ನಿಂತು ಒಂದು ಬೋಲ್ಟು ಬಿಚ್ಚಿದ. ಏನೂ ಬೀಳಲಿಲ್ಲ. ಇನ್ನೊಂದು ಬಿಚ್ಚಿದ. ಕರೀ ಎಣ್ಣೆ ಧೋ ಎಂದು ಸುರಿಯತೊಡಗಿ ಒಂದು ಸಣ್ಣ ಬಕೆಟ್ಟು ತುಂಬಿತು, ಎರಡನೆಯದಕ್ಕೆ ಕೈಹಾಕಿತು.

"ಭಾವ... ನೀವು ತೆಗೆದಿದ್ದು ಗೇರ್‌ಬಾಕ್ಸಿನ ಎಣ್ಣೆ. ಅದು ಯಾವಾಗ್ಲೂ ಜೇನಿನ ಬಣ್ಣವೇ. ಇಂಜಿನ್ನಿಂದು ತೆಗೆದೇ ಇಲ್ಲ, ಹಳೇದರ ಮ್ಯಾಲೆ ಹೊಸಾದು ಸುರಿದೀರಿ."

ಎಣ್ಣೆ ಬಲ್ಲವನು ಆಕಾಶದಲ್ಲಿ ಕಲ್ಲಾಗಿ ಕೂತಿದ್ದ. ಉಂಡು ಎಲೆಯಡಿಕೆ ಹಾಕಿಕೊಂಡ ನೆಂಟರು ಒಬ್ಬೊಬ್ಬರೇ ಬಂದು ತಲೆಯೆತ್ತಿ ನೋಡತೊಡಗಿದರು. "ಇಳಿಸಲೇ ಕೆಳಗೆ!" ಎಂದು ಕೊನೆಗೆ ಕಾಟಪ್ಪ ಕಿರುಚಿದ.

ದುರುಗೇಶ ಗುಂಡಿ ಒತ್ತಿದರೆ ಕರೆಂಟಿಲ್ಲ.

"ಲಿಫ್ಟಿನ ಕೊಂಡಿ ಬಿಡಿಸ್ಬೇಕಂದ್ರೆ ಒಂಚೂರು ಮ್ಯಾಲೆತ್ತಿ ಆಮೇಲೆ ಇಳಿಸ್ಬೇಕು ಭಾವ. ಭಾನುವಾರ ಹೋದ್ರೆ ನಾಲ್ಕಕ್ಕೇ ಬರೋದು ಕರೆಂಟು."

ಅತ್ತೆ ಯರ್ರಮ್ಮ ಕೋಲೂರಿಕೊಂಡು ಬಂದು, ಆಂಧ್ರದ ತವರಿನ ತೆಲುಗು ಬೆರೆಸಿ, "ದಿಗಪ್ಪಾ ಅಲ್ಲುಡಾ, ದಿಗು! ಇಳಿದು ಉಣ್ಣು ಅಳಿಯಾ, ಹೋಳಿಗೆ ಆರ್ತಾವೆ," ಎಂದಳು.

"ಕಾಲಿಡಲ್ಲ ಅಂತ ಮಾತು ಕೊಟ್ಟೀನತ್ತೆ," ಎಂದ ಕಾಟಪ್ಪ. ಧ್ವನಿಯಲ್ಲಿ ಗುಡುಗು ಹೋಗಿ ಬರೀ ಹನಿ ಉಳಿದಿತ್ತು.

ದುರುಗೇಶ ಏಣಿ ಆನಿಸಿ, ಅದರ ಬುಡದಲ್ಲಿ ಬೆನ್ನು ಬಾಗಿಸಿ ನಿಂತ. "ನೆಲಕ್ಕೆ ಕಾಲಿಡಬ್ಯಾಡಿ ಭಾವ. ನನ್ ಬೆನ್ ಮ್ಯಾಲೆ ಬರ್ರಿ."

ಎಂಬತ್ತೆರಡು ಕಿಲೋ ಕಾಟಪ್ಪ ಏಣಿಯಿಳಿದು, ಹೊಸ ಪಂಚೆಯ ಬಾಮೈದನ ಬೆನ್ನೇರಿ, ಕಣ್ಣು ಮುಚ್ಚಿಕೊಂಡು ಗ್ಯಾರೇಜು ದಾಟತೊಡಗಿದ. ನೆಂಟರು ದಾರಿ ಬಿಟ್ಟರು. ತೊಟ್ಟಿಲ ಪಕ್ಕದಿಂದ ಎದ್ದು ಬಾಗಿಲಿಗೆ ಬಂದ ಶಾಂತಕುಮಾರಿ ಎಂಟು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅದೇ ಹೊತ್ತಿಗೆ ಅವಳ ಕೈಯಲ್ಲಿದ್ದ ಗಂಡನ ಫೋನು ಬಡಿದುಕೊಂಡಿತು. ಅವಳು ನಗುತ್ತಲೇ ಎಲ್ಲಿ ಒತ್ತಿದಳೋ, ಹುಚ್ಚಕ್ಕನ ಧ್ವನಿ ಇಡೀ ನಾಮಕರಣಕ್ಕೆ ಕೇಳಿತು:

"ಕಾಟಪ್ಪಾ, ಬಾಗಿಲು ಮದುಮಗಳಂಗೆ ಹೊಳೀತೈತಪ್ಪ! ಕಿಟಕಿಗೂ ಸ್ವಲ್ಪ ಬೇಕಿತ್ತು. ಮತ್ತೆ ಯಾವಾಗ ಬದಲಾಯಿಸ್ತೀಯಾ?"